ಒಂದೇ ಗೂಬೆಯೋ, ಆರು ಗೂಬೆಗಳೋ: ಅಮೆಜಾನ್ ಕತ್ತಲಲ್ಲಿ ಕಿವಿ ನುಡಿಯುವ ಸಾಕ್ಷಿ

ಹಕ್ಕಿಗಳ ಸಂಗ್ರಹಾಲಯದಲ್ಲಿ ಡ್ರಾಯರ್ ಎಳೆದ ಕೂಡಲೇ ಮೂಗಿಗೆ ಬಡಿಯುವುದು ನುಸಿಗುಳಿಗೆಯ ವಾಸನೆ. ಆಮೇಲೆ ಕಾಣುವುದು ಸಾಲಾಗಿ ಅಂಗಾತ ಮಲಗಿಸಿದ ಹಕ್ಕಿಗಳು. ಹೊಟ್ಟೆಯೊಳಗೆ ಹತ್ತಿ, ಕಣ್ಣಿದ್ದ ಜಾಗದಲ್ಲಿ ಹತ್ತಿ, ಕಾಲಿಗೆ ದಾರದಿಂದ ಕಟ್ಟಿದ ಒಂದು ಚೀಟಿ. ಚೀಟಿಯಲ್ಲಿ ಊರಿನ ಹೆಸರು, ತಾರೀಕು, ಗಂಡೋ ಹೆಣ್ಣೋ ಎಂಬ ಗುರುತು, ಹಿಡಿದವರ ಹೆಸರು. ನಮ್ಮ ದೇಶದ ಒಂದು ಸಂಗ್ರಹಾಲಯದಲ್ಲಿ ಹೀಗೆ ಮಲಗಿಸಿದ್ದ ಪುಟ್ಟ ಗೂಬೆಗಳನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದು ನನಗೆ ನೆನಪಿದೆ. ಪಕ್ಕಪಕ್ಕದ ಎರಡರಲ್ಲಿ ಒಂದು ಬೂದು, ಇನ್ನೊಂದು ಕೆಂಗಂದು. ಇವೆರಡೂ ಬೇರೆ ಬೇರೆ ಹಕ್ಕಿಗಳೇ ಇರಬೇಕೆಂದು ನಾನು ಊಹಿಸಿದೆ. ಚೀಟಿ ತಿರುಗಿಸಿ ಓದಿದಾಗ ಎರಡೂ ಒಂದೇ ಪ್ರಭೇದ ಎಂದಿತ್ತು. ಗೂಬೆಗಳ ವಿಷಯದಲ್ಲಿ ಕಣ್ಣನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ಈ ಪ್ರಶ್ನೆ ಹಲವು ದಶಕಗಳಿಂದ ಪಕ್ಷಿತಜ್ಞರನ್ನು ಕಾಡುತ್ತಿದೆ. ಅಲ್ಲಿ ಮೆಗಾಸ್ಕಾಪ್ಸ್ ಎಂಬ ಕುಲದ ಪುಟ್ಟ ಗೂಬೆಗಳಿವೆ. ಗಾತ್ರದಲ್ಲಿ ಹೆಚ್ಚುಕಡಿಮೆ ನಮ್ಮ ಗೊರವಂಕದಷ್ಟು, ತಲೆಯ ಮೇಲೆ ಕಿವಿಯಂತೆ ನಿಲ್ಲುವ ಎರಡು ಗರಿಗುಚ್ಛ, ಮೈತುಂಬ ಮರದ ತೊಗಟೆಯ ಬಣ್ಣ. ಇಂಗ್ಲಿಷಿನಲ್ಲಿ ಇವಕ್ಕೆ ಸ್ಕ್ರೀಚ್ ಗೂಬೆ, ಅಂದರೆ ಕಿರುಚುವ ಗೂಬೆ, ಎಂಬ ಹೆಸರು ಅಂಟಿಕೊಂಡಿದೆ. ಅಮೆಜಾನ್ ಕಾಡಿನವು ಕೂಗುವುದನ್ನು ಕೇಳಿದವರಿಗೆ ಈ ಹೆಸರು ಒಪ್ಪಿಗೆಯಾಗದು. ತಗ್ಗಿದ ದನಿಯಲ್ಲಿ ಹೂ ಹೂ ಹೂ ಎಂದು ಒಂದರ ಹಿಂದೊಂದು ಸ್ವರ ಪೋಣಿಸಿದಂತೆ ಆ ಕೂಗು ಸಾಗುತ್ತದೆ. ಮೆಲ್ಲಗೆ ಶುರುವಾಗಿ, ನಡುವೆ ಏರಿ, ಕೊನೆಗೆ ಕತ್ತಲಲ್ಲಿ ಕರಗಿಹೋಗುತ್ತದೆ.

ಅಮೆಜಾನ್ ಕಾಡಿನಲ್ಲಿರುವುದು ಒಂದು ಪ್ರಭೇದ, ಬ್ರೆಜಿಲಿನ ಪೂರ್ವ ಕರಾವಳಿಯ ಅಟ್ಲಾಂಟಿಕ್ ಕಾಡಿನಲ್ಲಿರುವುದು ಇನ್ನೊಂದು ಎಂಬುದು ಬಹುಕಾಲ ಚಾಲ್ತಿಯಲ್ಲಿದ್ದ ಲೆಕ್ಕ. ಮೊದಲನೆಯದಕ್ಕೆ ಹತ್ತೊಂಬತ್ತನೆಯ ಶತಮಾನದ ನಡುವೆ ವಾಟ್ಸೋನಿ ಎಂಬ ಹೆಸರು ಬಿದ್ದಿತ್ತು. ತಲೆ ಕಪ್ಪಗಿರುವುದರಿಂದ ಎರಡನೆಯದಕ್ಕೆ 1822ರಲ್ಲೇ ಅಟ್ರಿಕಪಿಲ್ಲಾ ಎಂದು ಹೆಸರಿಟ್ಟಿದ್ದರು. ಅಮೆಜಾನಿನದು ಒಂದಲ್ಲ, ಎರಡು ಎಂದು ವಾದಿಸಿದವರೂ ಇದ್ದರು. ಮೇಲ್ ಅಮೆಜಾನಿನ ಎಗಾ ಎಂಬ ಊರಿನಿಂದ ಹೋದ ಗೂಬೆಗೆ 1858ರಲ್ಲೇ ಉಸ್ತಾ ಎಂಬ ಬೇರೆ ಹೆಸರು ಕೊಟ್ಟಿದ್ದದ್ದು ಅವರ ವಾದಕ್ಕೆ ಆಸರೆ. ಜೀವಮಾನವಿಡೀ ಗೂಬೆಗಳನ್ನೇ ಅಭ್ಯಾಸ ಮಾಡಿದವರಲ್ಲೂ ಈ ಗುಂಪಿನ ಲೆಕ್ಕದ ಬಗ್ಗೆ ಒಮ್ಮತ ಇರಲಿಲ್ಲ.

2021ರಲ್ಲಿ ಸಿಡ್ನೇ ಡಂಟಾಸ್, ಜೇಸನ್ ವೆಕ್‌ಸ್ಟೀನ್, ಜಾನ್ ಬೇಟ್ಸ್, ಅಲೆಶಾಂದ್ರೆ ಅಲೇಶು ಮತ್ತು ಅವರ ಸಂಗಡಿಗರು ಜೂಟ್ಯಾಕ್ಸಾ ಪತ್ರಿಕೆಯಲ್ಲಿ ಒಂದು ದೀರ್ಘ ಅಧ್ಯಯನ ಪ್ರಕಟಿಸಿದರು. ಬೆಲೆಮ್ ನಗರದ ಗೋಯೆಲ್ಡಿ ಸಂಗ್ರಹಾಲಯ ಮತ್ತು ಷಿಕಾಗೋದ ಫೀಲ್ಡ್ ಮ್ಯೂಸಿಯಂಗಳ ಹೆಸರು ಈ ಕೆಲಸದೊಂದಿಗೆ ಸೇರಿಕೊಂಡಿದೆ. ಅವರು 252 ಹಕ್ಕಿ ಮಾದರಿಗಳನ್ನು ಅಳೆದರು, 83 ಧ್ವನಿಮುದ್ರಣಗಳನ್ನು ಹೋಲಿಸಿದರು, 49 ಹಕ್ಕಿಗಳ ವಂಶವಾಹಿಗಳನ್ನು ಓದಿದರು. ಒಟ್ಟು ಆರು ಪ್ರಭೇದಗಳಿವೆ ಎಂಬುದು ಅವರ ತೀರ್ಮಾನ. ಆರರಲ್ಲಿ ಎರಡು ವಿಜ್ಞಾನಕ್ಕೆ ಹೊಸವು: ಶಿಂಗು ನದಿಯ ಸೀಮೆಯ ಮೆಗಾಸ್ಕಾಪ್ಸ್ ಸ್ಟ್ಯಾಂಗಿಯೇ ಮತ್ತು ಬ್ರೆಜಿಲಿನ ಈಶಾನ್ಯದ ಅಲಗೋವಾಸ್ ಭಾಗದ ಮೆಗಾಸ್ಕಾಪ್ಸ್ ಅಲಗೋಯೆನ್ಸಿಸ್. ಉಳಿದ ನಾಲ್ಕಕ್ಕೆ ಹೊಸ ಹೆಸರು ಹುಡುಕುವ ಅಗತ್ಯ ಬೀಳಲಿಲ್ಲ. ಪ್ರಾಣಿಗಳ ನಾಮಕರಣದಲ್ಲಿ ಮೊದಲು ಇಟ್ಟ ಹೆಸರಿಗೇ ಹಕ್ಕು. ವಾಟ್ಸೋನಿ, ಉಸ್ತಾ, ಅಟ್ರಿಕಪಿಲ್ಲಾ ಹೇಗೂ ಇದ್ದವು. ಬೆಲೆಮ್ ಸುತ್ತಲಿನ ಗೂಬೆಗೆ ಹಿಂದೆ ಯಾರೋ ಉಪಪ್ರಭೇದವೆಂದು ಕೊಟ್ಟು, ಹೆಚ್ಚಿನವರು ಮರೆತೇಬಿಟ್ಟಿದ್ದ ಆಟರ್ ಎಂಬ ಹೆಸರನ್ನು ಮತ್ತೆ ಮೇಲೆತ್ತಿದರು.

ಒಂದೆರಡು ಇದ್ದದ್ದು ಆರಾಯಿತು ಎಂದರೆ ಓದುಗರಲ್ಲಿ ಸಂಶಯ ಮೂಡುವುದು ಸಹಜ. ಕಾಡಿನಲ್ಲಿ ಹೊಸ ಹಕ್ಕಿ ಹುಟ್ಟಿತೇ? ಇಲ್ಲ. ಅದೇ ಕಾಡು, ಅವೇ ಗೂಬೆಗಳು. ಸಾಕ್ಷಿಯನ್ನು ಕೇಳುವ ರೀತಿ ಮಾತ್ರ ಬದಲಾಗಿದೆ.

ಬಣ್ಣ ಇಲ್ಲಿ ಏಕೆ ಕೈಕೊಡುತ್ತದೆ ಎಂಬುದನ್ನು ಮೊದಲು ನೋಡೋಣ. ಹಗಲು ಹಾರುವ ಹಕ್ಕಿಗೆ ಬಣ್ಣವೇ ವಿಳಾಸ. ಗಂಡು ನವಿಲು ಹೆಣ್ಣಿಗೆ ತನ್ನನ್ನು ತೋರಿಸಿಕೊಳ್ಳುವುದು ಬಣ್ಣದಿಂದ. ರಾತ್ರಿ ಬೇಟೆಯಾಡಿ ಹಗಲಿಡೀ ಕೊಂಬೆಗೆ ಒತ್ತಿಕೊಂಡು ಕೂರುವ ಗೂಬೆಗೆ ಬಣ್ಣ ಬೇಕಾಗಿರುವುದು ಕಾಣದಿರುವುದಕ್ಕೆ. ತೊಗಟೆಯನ್ನು ಹೋಲಬೇಕು, ಅಷ್ಟೇ. ಹಾಗಾಗಿ ದೂರದೂರದ ಪ್ರಭೇದಗಳೂ ಒಂದೇ ಬಗೆಯ ಕಂದು, ಬೂದು, ಗೆರೆ, ಚುಕ್ಕಿಗಳಿಗೆ ಬಂದು ನಿಲ್ಲುತ್ತವೆ. ಅದರ ಮೇಲೆ ಒಂದೇ ಪ್ರಭೇದದೊಳಗೇ ಕಂದು ಗೂಬೆ, ಬೂದು ಗೂಬೆ, ಎರಡರ ನಡುವಿನ ಗೂಬೆ ಎಲ್ಲವೂ ಇರುತ್ತವೆ. ನೆರೆಯ ಎರಡು ಪ್ರಭೇದಗಳ ನಡುವೆ ಇರುವ ವ್ಯತ್ಯಾಸಕ್ಕಿಂತ ಒಂದೇ ಕಾಡಿನ ಎರಡು ಗೂಬೆಗಳ ನಡುವಿನ ವ್ಯತ್ಯಾಸ ಹೆಚ್ಚಾಗಿ ಕಂಡರೆ ಗರಿಯನ್ನು ನೋಡಿ ಗಡಿ ಎಳೆಯುವುದು ಹೇಗೆ? ಕಣ್ಣಿನ ಬಣ್ಣವಾದರೂ ಸಹಾಯಕ್ಕೆ ಬರಬಹುದಿತ್ತು. ಡ್ರಾಯರಿನ ಹಕ್ಕಿಗೆ ಕಣ್ಣೇ ಇರುವುದಿಲ್ಲ. ಹಿಡಿದವರು ಅಂದು ಚೀಟಿಯಲ್ಲಿ ಬರೆದಿಟ್ಟಿದ್ದರೆ ಉಂಟು, ಇಲ್ಲದಿದ್ದರೆ ಆ ಸಾಕ್ಷಿ ಶಾಶ್ವತವಾಗಿ ಹೋದಂತೆಯೇ.

ಇನ್ನು ಕಿವಿಯ ಮಾತು. ಗೂಬೆಯನ್ನು ದನಿಯಿಂದ ಗುರುತಿಸುವುದು ಕನ್ನಡಿಗರಿಗೆ ಹೊಸದಲ್ಲ. ಗುಮ್ಮ ಎಂಬ ಪದದಲ್ಲೇ ಆ ಹಕ್ಕಿಯ ದನಿಯಿದೆ. ಹಾಲಕ್ಕಿ ನುಡಿಯಿತು ಎಂದು ಬುಡುಬುಡುಕೆಯವರು ಶಕುನ ಹೇಳುವಾಗ ಆ ಪುಟ್ಟ ಗೂಬೆಯನ್ನು ಕಂಡವರಿಗಿಂತ ಕೇಳಿದವರೇ ಹೆಚ್ಚು. ಮಲೆನಾಡಿನ ಮನೆಯಂಗಳದಲ್ಲಿ ರಾತ್ರಿ ಊಟವಾದ ಮೇಲೆ ದೀಪ ಆರಿಸಿ ಕೂತರೆ ಅಡಿಕೆ ತೋಟದಾಚೆಯ ಮರಗಳಿಂದ ಎರಡು ಬಗೆಯ ದನಿ ಕೇಳುವುದುಂಟು. ಒಂದು, ಯಾರನ್ನೋ ಮೃದುವಾಗಿ ಪ್ರಶ್ನಿಸಿದಂತೆ ತುಸು ಬಿಟ್ಟು ತುಸು ಬಿಟ್ಟು ಬರುವ ಒಂದೇ ಸ್ವರ. ಇನ್ನೊಂದು, ಮೂರು ಪೆಟ್ಟಿನ ತಾಳದಂತೆ ಟುಕ್ ಟೊಕ್ ಟೊರೊಕ್ ಎನ್ನುವ ಕೂಗು. ಎರಡೂ ಚಿಕ್ಕ ಸ್ಕಾಪ್ಸ್ ಗೂಬೆಗಳೇ. ಟಾರ್ಚ್ ಬೆಳಕಿನಲ್ಲಿ ಹುಡುಕಿದರೆ ಗೊಂದಲ, ಬೆಳಕು ಆರಿಸಿ ಕೇಳಿದರೆ ಸಂದೇಹಕ್ಕೆ ಎಡೆಯೇ ಇಲ್ಲ. ಗೂಬೆಗಳೂ ಪರಸ್ಪರ ಗುರುತು ಹಿಡಿಯುವುದು ಹೀಗೆಯೇ.

ದನಿಗೆ ಇಷ್ಟು ತೂಕ ಬರುವುದಕ್ಕೆ ಇನ್ನೂ ಗಟ್ಟಿಯಾದ ಕಾರಣವಿದೆ. ಮಡಿವಾಳ ಹಕ್ಕಿ ಹಾಡನ್ನು ಕಲಿಯುತ್ತದೆ. ಮರಿಯಾಗಿದ್ದಾಗ ಕೇಳಿದ್ದನ್ನು ತಿದ್ದಿ ತಿದ್ದಿ ತನ್ನದಾಗಿಸಿಕೊಳ್ಳುತ್ತದೆ. ಭೀಮರಾಜನಂತೂ ಕಾಡಿನ ಅರ್ಧ ಹಕ್ಕಿಗಳ ದನಿಯನ್ನು ಕದ್ದು ಹಾಡಬಲ್ಲದು. ಕಲಿತ ಹಾಡಿಗೆ ಊರಿಂದೂರಿಗೆ ನಮ್ಮ ಆಡುಮಾತಿನಂತೆ ಬೇರೆ ಬೇರೆ ಧಾಟಿ ಬರುತ್ತದೆ. ಅದರಿಂದ ಪ್ರಭೇದವೇ ಬೇರೆ ಎಂದು ಹೇಳಲು ಆಗುವುದಿಲ್ಲ. ಗೂಬೆಯ ಕೂಗು ಹಾಗಲ್ಲ, ಅದು ಹುಟ್ಟಿನಿಂದ ಬಂದದ್ದು. ತನ್ನವರ ದನಿಯನ್ನೇ ಕೇಳದೆ ಬೆಳೆದ ಗೂಬೆಯೂ ತನ್ನ ಪ್ರಭೇದದ ಕೂಗನ್ನೇ ಕೂಗುತ್ತದೆ. ಆದ್ದರಿಂದ ಎರಡು ನದಿಗಳಾಚೆ ಕೂಗಿನ ಗತಿ ಸ್ಥಿರವಾಗಿ ಬೇರೆಯಾಗಿದ್ದರೆ, ಅದರ ಹಿಂದೆ ವಂಶವಾಹಿಯ ಬೇರ್ಪಡೆ ಇದೆ ಎಂದು ನಂಬಲು ಬಲವಾದ ಆಧಾರ ಸಿಗುತ್ತದೆ.

ಹಾಗೆಂದು ಮೈಕ್ ಹಿಡಿದು ಕಾಡಿಗೆ ಹೋದ ಮಾತ್ರಕ್ಕೆ ಉತ್ತರ ಕೈಗೆ ಬರುವುದಿಲ್ಲ. ಮೆಗಾಸ್ಕಾಪ್ಸ್ ಗೂಬೆಗಳಿಗೆ ಸಾಮಾನ್ಯವಾಗಿ ಎರಡು ಬಗೆಯ ಹಾಡುಗಳಿರುತ್ತವೆ. ಒಂದು ಕಡೆಯ ಮೊದಲ ಹಾಡನ್ನು ಇನ್ನೊಂದು ಕಡೆಯ ಎರಡನೆಯ ಹಾಡಿನೊಂದಿಗೆ ಹೋಲಿಸಿದರೆ ಇಲ್ಲದ ವ್ಯತ್ಯಾಸ ಹುಟ್ಟಿಕೊಳ್ಳುತ್ತದೆ. ಹಲವು ಗೂಬೆಗಳಲ್ಲಿ ಹೆಣ್ಣಿನ ಮೈ ದೊಡ್ಡದು, ಆದರೂ ದನಿ ಗಂಡಿನದಕ್ಕಿಂತ ಏರಿದ್ದು. ಕೂಗಿದ್ದು ಗಂಡೋ ಹೆಣ್ಣೋ ತಿಳಿಯದಿದ್ದರೆ ಅಲ್ಲೊಂದು ಎಡವಟ್ಟು. ರೆಕಾರ್ಡಿಂಗ್ ಕೇಳಿಸಿ ಕೆರಳಿಸಿದ ಹಕ್ಕಿಯ ಕೂಗಿನ ಓಟ, ತನ್ನಷ್ಟಕ್ಕೆ ಕೂಗುವ ಹಕ್ಕಿಯ ಕೂಗಿನ ಓಟ ಎರಡೂ ಒಂದೇ ಆಗಿರಬೇಕಿಲ್ಲ. ಅದಕ್ಕಾಗಿಯೇ ಧ್ವನಿಯನ್ನು ಕಂಪ್ಯೂಟರ್ ಪರದೆಯ ಮೇಲೆ ಚಿತ್ರವಾಗಿ ಮೂಡಿಸಿ, ಒಂದು ಸೆಕೆಂಡಿಗೆ ಎಷ್ಟು ಸ್ವರ, ಸ್ವರ ಯಾವ ಎತ್ತರದಲ್ಲಿ, ನಡುವಿನ ಬಿಡುವು ಎಷ್ಟು ಎಂದು ಒಂದೊಂದನ್ನೂ ಅಳೆಯುತ್ತಾರೆ. ರಂಗೋಲಿಯ ಚುಕ್ಕಿಗಳಂತೆ ಸಾಲಾಗಿ ಬಿದ್ದ ಆ ಸ್ವರಗಳನ್ನು ನೋಡುವಾಗ, ಡ್ರಾಯರಿನಲ್ಲಿ ಮೂಕವಾಗಿದ್ದ ಹಕ್ಕಿ ಮಾತಾಡತೊಡಗಿದಂತೆ ನನಗೆ ಅನಿಸುತ್ತದೆ.

ನಮ್ಮ ಸ್ಕಾಪ್ಸ್ ಗೂಬೆಗಳನ್ನೂ ಅಮೆರಿಕ ಖಂಡದ ಈ ಗೂಬೆಗಳನ್ನೂ ಬಹುಕಾಲ ಓಟಸ್ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. ಡಿಎನ್‌ಎ ಮತ್ತು ಕೂಗು ಎರಡೂ ಬೇರೆ ಕಥೆ ಹೇಳಿದ್ದರಿಂದ 2003ರಲ್ಲಿ ಅಮೆರಿಕದ ಪಕ್ಷಿತಜ್ಞರ ಸಂಘ ಅಲ್ಲಿನವನ್ನು ಮೆಗಾಸ್ಕಾಪ್ಸ್ ಎಂದು ಬೇರ್ಪಡಿಸಿತು. ನೋಡಲು ಅಣ್ಣತಮ್ಮಂದಿರಂತೆ ಇರುವವು ದೂರದ ನೆಂಟರು ಎಂದು ತಿಳಿದದ್ದೂ ಕಿವಿಯ ಸಹಾಯದಿಂದಲೇ. ಪಕ್ಕದ ಶ್ರೀಲಂಕಾದಲ್ಲಿ ದೀಪಲ್ ವರಕಗೊಡ 1995ರಲ್ಲಿ ಗುರುತು ಸಿಗದ ಗೂಬೆಯ ಕೂಗೊಂದನ್ನು ಕೇಳಿದರು. ಹಕ್ಕಿ ಕಣ್ಣಿಗೆ ಬಿದ್ದದ್ದು 2001ರಲ್ಲಿ. 2004ರಲ್ಲಿ ಅದಕ್ಕೆ ಹೊಸ ಪ್ರಭೇದವೆಂಬ ಹೆಸರು ಬಂತು. ಆರು ವರ್ಷ ಆ ಗೂಬೆ ಬರಿಯ ದನಿಯಾಗಿ ಬದುಕಿತ್ತು.

ಅಮೆಜಾನಿಗೆ ಮರಳೋಣ. ಆರು ಗೂಬೆಗಳ ನಕ್ಷೆ ಬಿಡಿಸಿದರೆ ಅಮೆಜಾನ್ ಸೀಮೆಯ ಗಡಿಗಳು ಬಹುಪಾಲು ನದಿಗಳ ಮೇಲೆಯೇ ಬೀಳುತ್ತವೆ. ವಾಟ್ಸೋನಿ ಅಮೆಜಾನ್ ನದಿಯ ಉತ್ತರಕ್ಕೆ, ಉಸ್ತಾ ಪಶ್ಚಿಮ ಅಮೆಜಾನಿನಲ್ಲಿ, ಸ್ಟ್ಯಾಂಗಿಯೇ ಶಿಂಗುವಿನ ಸೀಮೆಯಲ್ಲಿ, ಆಟರ್ ಇನ್ನೂ ಪೂರ್ವಕ್ಕೆ ಬೆಲೆಮ್ ಸುತ್ತ. ನದಿಯೇ ಗಡಿ ಎಂಬ ಮಾತನ್ನು ಮೊದಲು ಸ್ಪಷ್ಟವಾಗಿ ಹೇಳಿದವರು ನಿಸರ್ಗಶಾಸ್ತ್ರಜ್ಞ ಆಲ್ಫ್ರೆಡ್ ರಸೆಲ್ ವಾಲೇಸ್. ಅಮೆಜಾನಿನಲ್ಲಿ ನಾಲ್ಕು ವರ್ಷ ಅಲೆದು ಬಂದು 1852ರಲ್ಲಿ ಲಂಡನ್ನಿನಲ್ಲಿ ಅಲ್ಲಿನ ಮಂಗಗಳ ಬಗ್ಗೆ ಅವರು ಒಂದು ಪ್ರಬಂಧ ಓದಿದರು. ಯಾವ ಮಂಗ ನದಿಯ ಯಾವ ದಡದಲ್ಲಿದೆ ಎಂಬುದು ಸ್ಥಳೀಯ ಬೇಟೆಗಾರರಿಗೆ ಚೆನ್ನಾಗಿ ಗೊತ್ತು, ಇಂಥದ್ದೇ ಪ್ರಾಣಿ ಬೇಕೆಂದರೆ ಅವರು ದೋಣಿಯಲ್ಲಿ ಆಚೆ ದಡಕ್ಕೆ ಹೋಗುತ್ತಾರೆ ಎಂದು ಅದರಲ್ಲಿ ಬರೆದಿದ್ದಾರೆ. ಸಂಗ್ರಹಾಲಯಗಳ ಚೀಟಿಗಳಲ್ಲಿ ದಡವನ್ನೇ ನಮೂದಿಸುವುದಿಲ್ಲ ಎಂಬ ಕೊರಗೂ ಅವರದಾಗಿತ್ತು. ಕಾಡಿನ ಜನರಿಗೆ ತಿಳಿದಿದ್ದದ್ದು ಚೀಟಿ ಬರೆಯುವವರಿಗೆ ತಿಳಿದಿರಲಿಲ್ಲ.

ರೆಕ್ಕೆಯಿರುವ ಹಕ್ಕಿಗೆ ನದಿ ಅಡ್ಡಿಯೇ ಎಂದು ಕೇಳಬಹುದು. ಅಮೆಜಾನ್, ತಪಜೋಸ್, ಶಿಂಗುಗಳ ಕೆಳಹರಿವನ್ನು ನಮ್ಮ ಕಾವೇರಿ ತುಂಗೆಗಳ ಅಳತೆಯಲ್ಲಿ ನೋಡಬಾರದು. ಎಷ್ಟೋ ಕಡೆ ಆಚೆ ದಡ ಕ್ಷಿತಿಜದ ಗೆರೆಯಂತೆ ಕಾಣುತ್ತದೆ. ದಟ್ಟ ಕಾಡಿನ ನೆರಳಿನಲ್ಲೇ ಬದುಕುವ ಎಷ್ಟೋ ಹಕ್ಕಿಗಳು ಬಯಲನ್ನು ದಾಟುವುದೇ ಇಲ್ಲ. ಎಲ್ಲೋ ಒಂದು ಹಕ್ಕಿ ದಾಟಿದರೂ ಎರಡೂ ದಡದ ಗೂಬೆಗಳನ್ನು ಒಂದಾಗಿ ಉಳಿಸಲು ಅದು ಸಾಲದು. ಲಕ್ಷಾಂತರ ವರ್ಷಗಳಲ್ಲಿ ಎರಡು ಗುಂಪುಗಳೂ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಆದರೆ ಇದೇ ನದಿಗಳು ಮೂಲದ ಕಡೆ ಹೋದಂತೆ ಹಳ್ಳಗಳಾಗುತ್ತವೆ. ಅಲ್ಲಿ ಗೂಬೆಗೆ ಆಚೆ ದಡ ಒಂದು ಹಾರಿಕೆಯ ದೂರ. ಈ ಲೆಕ್ಕದ ಗಂಟು ಇರುವುದು ಅಲ್ಲಿಯೇ.

ಗಂಟು ಏಕೆಂದರೆ, ಪ್ರಭೇದ ಎಂದರೇನು ಎಂಬುದರಲ್ಲೇ ಒಮ್ಮತವಿಲ್ಲ. ಅರ್ನ್‌ಸ್ಟ್ ಮೇಯರ್ ಎಂಬ ಜೀವವಿಜ್ಞಾನಿ 1942ರಲ್ಲಿ ಕೊಟ್ಟ ವ್ಯಾಖ್ಯೆ ಇಂದಿಗೂ ಹೆಚ್ಚು ಬಳಕೆಯಲ್ಲಿದೆ: ತಮ್ಮತಮ್ಮಲ್ಲಿ ಕೂಡಿ ಸಂತಾನ ಪಡೆಯುವ, ಹೊರಗಿನವುಗಳೊಂದಿಗೆ ಹಾಗೆ ಬೆರೆಯದ ಗುಂಪೇ ಪ್ರಭೇದ. ಒಂದೇ ಕಾಡಿನಲ್ಲಿರುವ ಎರಡು ಗೂಬೆಗಳಿಗೆ ಈ ಪರೀಕ್ಷೆ ಸುಲಭ. ಕೂಡುವುದಿಲ್ಲ ಎಂದರೆ ಬೇರೆ. ಒಂದು ಶಿಂಗುವಿನಲ್ಲೂ ಇನ್ನೊಂದು ಸಾವಿರಾರು ಕಿಲೋಮೀಟರ್ ದೂರದ ಅಲಗೋವಾಸಿನಲ್ಲೂ ಇದ್ದರೆ ಅವು ಕೂಡುತ್ತವೆಯೋ ಇಲ್ಲವೋ ಎಂದು ನೋಡುವುದು ಹೇಗೆ? ಹಾಗಾಗಿ ಇನ್ನೊಂದು ಪಂಥದವರು ಸ್ವಂತ ವಂಶವೃಕ್ಷ ಮತ್ತು ಗುರುತಿಸಬಲ್ಲ ಲಕ್ಷಣ ಇದ್ದರೆ ಸಾಕು, ಪ್ರಭೇದವೆನ್ನಿ ಎನ್ನುತ್ತಾರೆ. ಮೊದಲ ಅಳತೆಗೋಲಿನಲ್ಲಿ ಎರಡು ಮೂರು ಎಂದು ನಿಲ್ಲುವ ಗೂಬೆಗಳು ಎರಡನೆಯದರಲ್ಲಿ ಆರಾಗುತ್ತವೆ. ಮೂರನೆಯ ದಾರಿಯೂ ಇದೆ. 2010ರಲ್ಲಿ ಬಂದ ಅಂಕ ಪದ್ಧತಿಯಲ್ಲಿ ಬಣ್ಣ, ಅಳತೆ, ಕೂಗು ಮುಂತಾದವುಗಳ ವ್ಯತ್ಯಾಸಕ್ಕೆ ಒಂದರಿಂದ ನಾಲ್ಕರವರೆಗೆ ಅಂಕ ಕೊಟ್ಟು ಮೊತ್ತ 7 ಮುಟ್ಟಿದರೆ ಪ್ರಭೇದ ಎನ್ನುತ್ತಾರೆ. ಡಿಎನ್‌ಎಗೆ ಅದರಲ್ಲಿ ಅಂಕವಿಲ್ಲ. ಬಣ್ಣದಲ್ಲಿ ಅಂಕ ಗಳಿಸಲಾರದ, ಕೂಗಿನಲ್ಲಷ್ಟೇ ಬೇರೆಯಾದ ಗೂಬೆಗೆ ಈ ಪರೀಕ್ಷೆ ಕಠಿಣ. ಹಗಲುಹಕ್ಕಿಗೆ ಹೊಲಿದ ಅಂಗಿಯನ್ನು ಇರುಳುಹಕ್ಕಿಗೆ ತೊಡಿಸಿದಂತೆ ಎಂದು ನನ್ನ ಅಭಿಪ್ರಾಯ.

ಅಧ್ಯಯನ ಪ್ರಕಟವಾದ ದಿನವೇ ಪ್ರಪಂಚದ ಪಟ್ಟಿಗಳು ಬದಲಾಗುವುದಿಲ್ಲ. ದಕ್ಷಿಣ ಅಮೆರಿಕದ ಹಕ್ಕಿಗಳಿಗೆಂದೇ ವರ್ಗೀಕರಣ ಸಮಿತಿಯೊಂದಿದೆ. ಒಂದನ್ನು ಎರಡಾಗಿ ಒಡೆಯಬೇಕೆನ್ನುವವರು ಅಲ್ಲಿ ಪ್ರಸ್ತಾವ ಇಡಬೇಕು, ಸದಸ್ಯರು ಮತ ಹಾಕುತ್ತಾರೆ, ಯಾರು ಏಕೆ ಒಪ್ಪಿದರು, ಏಕೆ ಒಪ್ಪಲಿಲ್ಲ ಎಂಬುದನ್ನು ಎಲ್ಲರೂ ಓದುವಂತೆ ಪ್ರಕಟಿಸುತ್ತಾರೆ. ಈ ತೆರೆದ ರೀತಿಯನ್ನು ನಾನು ಬಹಳ ಗೌರವಿಸುತ್ತೇನೆ. ಜಾಗತಿಕ ಮಟ್ಟದಲ್ಲಿ ಬಹುಕಾಲ ಮೂರು ನಾಲ್ಕು ಪಟ್ಟಿಗಳು ಬೇರೆ ಬೇರೆ ಲೆಕ್ಕ ಹೇಳುತ್ತಿದ್ದವು. 2025ರ ಜೂನ್‌ನಲ್ಲಿ ಅವುಗಳನ್ನು ಒಗ್ಗೂಡಿಸುವ ಏವಿಲಿಸ್ಟ್ ಬಂತು. ಅದರ ಮೊದಲ ಆವೃತ್ತಿಯಲ್ಲಿ 11,131 ಪ್ರಭೇದಗಳಿವೆ. ಸರ್ಕಾರಗಳು, ಸಂರಕ್ಷಣಾ ಸಂಸ್ಥೆಗಳು, ಹಕ್ಕಿ ನೋಡುವವರು ಎಲ್ಲರೂ ಒಂದೇ ಪಟ್ಟಿ ಹಿಡಿದು ಮಾತಾಡಲು ಇನ್ನು ಸಾಧ್ಯ. ಹಾಗೆಯೇ, ಇನ್ನು ಮುಂದೆ ಆ ಒಂದು ಪಟ್ಟಿಯಲ್ಲಿ ಜಾಗ ಸಿಗದ ಹಕ್ಕಿಗೆ ಬೇರೆಲ್ಲೂ ಜಾಗ ಸಿಗುವುದು ಕಷ್ಟ.

ಜಾಗ ಸಿಗದಿದ್ದರೆ ಗೂಬೆಗೇನು ನಷ್ಟ ಎಂದು ಯಾರಾದರೂ ಕೇಳಿದರೆ ನಾನು ಅವರಿಗೆ ಅಲಗೋವಾಸಿನ ಕಥೆ ಹೇಳುತ್ತೇನೆ.

ಸಾವೊ ಫ್ರಾನ್ಸಿಸ್ಕೊ ನದಿಯ ಉತ್ತರಕ್ಕೆ, ಅಲಗೋವಾಸ್ ಮತ್ತು ಪೆರ್ನಂಬುಕೊ ರಾಜ್ಯಗಳ ಕರಾವಳಿಯಲ್ಲಿ ಒಂದು ಕಾಲಕ್ಕೆ ಅಟ್ಲಾಂಟಿಕ್ ಮಳೆಕಾಡು ಹಬ್ಬಿತ್ತು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಅಲ್ಲಿಗೆ ಕಬ್ಬು ತಂದರು. 1975ರಲ್ಲಿ ಬ್ರೆಜಿಲ್ ಸರ್ಕಾರ ವಾಹನಗಳಿಗೆ ಕಬ್ಬಿನ ಮದ್ಯಸಾರ ಬಳಸುವ ಯೋಜನೆ ಆರಂಭಿಸಿದ ಮೇಲೆ ಉಳಿದಿದ್ದ ಇಳಿಜಾರುಗಳಿಗೂ ಕಬ್ಬು ಹತ್ತಿತು. ಮಂಡ್ಯದ ಕಬ್ಬಿನ ಗದ್ದೆಯ ನಡುವೆ ನಿಂತು ಸುತ್ತ ನೋಡಿದರೆ ಕಾಣುವ ಹಸಿರನ್ನು ನೆನೆದುಕೊಳ್ಳಿ. ಆ ಹಸಿರು ಗುಡ್ಡದ ನೆತ್ತಿಯವರೆಗೂ ಹತ್ತಿ, ಅಲ್ಲೊಂದು ಇಲ್ಲೊಂದು ಕಾಡಿನ ತುಣುಕು ಮಾತ್ರ ದ್ವೀಪದಂತೆ ಉಳಿದಿದೆ ಎಂದುಕೊಳ್ಳಿ. ಅಲ್ಲಿನ ಸ್ಥಿತಿ ಹೆಚ್ಚುಕಡಿಮೆ ಅದು.

ಇಲ್ಲಿನ ಮುರಿಸಿ ಎಂಬಲ್ಲಿ ಸಿಕ್ಕ, ಒಣ ಎಲೆಗಳನ್ನು ತಡಕಿ ಹುಳ ಹಿಡಿಯುವ ಕಂದು ಹಕ್ಕಿಯೊಂದಕ್ಕೆ 1983ರಲ್ಲಿ ಫಿಲಿಡಾರ್ ನೊವೇಸಿ ಎಂದು ಹೆಸರಿಟ್ಟರು. ಅದನ್ನು ಕೊನೆಯದಾಗಿ ಕಂಡದ್ದು 2011ರಲ್ಲಿ. ಅದರ ಹೆಸರಿನ ಕೆಳಗೇ ಸಂಗ್ರಹಾಲಯದಲ್ಲಿ ಇನ್ನೊಂದು ಹಕ್ಕಿ ಅಡಗಿತ್ತು. ನೋಡಲು ತೀರ ಹತ್ತಿರ, ಆದರೆ ಕೂಗು ಬೇರೆ, ಮೈಕಟ್ಟು ಬೇರೆ. ಅದು ಬೇರೆಯೇ ಪ್ರಭೇದ, ಬೇರೆಯೇ ಕುಲದ್ದು ಎಂದು ಘೋಷಿಸಿದ್ದು 2014ರಲ್ಲಿ. ಅಷ್ಟರಲ್ಲಿ ಅದನ್ನು ಯಾರಾದರೂ ಕಾಡಿನಲ್ಲಿ ಕೊನೆಯದಾಗಿ ಕಂಡು ಏಳು ವರ್ಷವಾಗಿತ್ತು. ಎರಡೂ ಈಗ ಅಳಿದ ಹಕ್ಕಿಗಳ ಪಟ್ಟಿಯಲ್ಲಿವೆ. ಜನನ ಪತ್ರ ಬರೆಯುವ ಮೊದಲೇ ಜೀವ ಹೋಗಿತ್ತು ಎಂದರೆ ಇದೇ.

ಗೂಬೆಗಳಲ್ಲೂ ಇಂಥದ್ದೇ ಒಂದು ಕಥೆಯಿದೆ. ಪೆರ್ನಂಬುಕೊದ ಸಾಲ್ಟಿನೊ ಕಾಡಿನಲ್ಲಿ 1980ರಲ್ಲಿ ಮುಷ್ಟಿಗಾತ್ರದ ಎರಡು ಗೂಬೆಗಳನ್ನು ಹಿಡಿದಿದ್ದರು. 1990ರಲ್ಲಿ ಅದೇ ಕಾಡಿನಲ್ಲಿ ಅದರ ಕೂಗು ಧ್ವನಿಮುದ್ರಿಕೆಯಲ್ಲಿ ದಾಖಲಾಯಿತು. ಅದು ಬೇರೆ ಪ್ರಭೇದವೆಂದು ಖಚಿತವಾಗಿ ಗ್ಲಾಸಿಡಿಯಂ ಮೂರೆಯೋರಂ ಎಂಬ ಹೆಸರು ಬಂದದ್ದು 2002ರಲ್ಲಿ. ಕೊನೆಯ ದಾಖಲೆ ಅದಕ್ಕೂ ಒಂದು ವರ್ಷ ಹಿಂದಿನದು, 2001ರದು. ಆಮೇಲೆ ಹುಡುಕಿದವರಿಗೆ ಅದು ಸಿಕ್ಕಿಲ್ಲ. ಹಿಡಿದ ದಿನಕ್ಕೂ ಹೆಸರಿಟ್ಟ ದಿನಕ್ಕೂ ನಡುವೆ ಇಪ್ಪತ್ತೆರಡು ವರ್ಷ ಆ ಎರಡು ಮೈಗಳು ಡ್ರಾಯರಿನಲ್ಲಿದ್ದವು. ಆ ಇಪ್ಪತ್ತೆರಡು ವರ್ಷಗಳನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇದೇ ಕಾಡಿನ ತುಣುಕುಗಳಲ್ಲಿ ಈಗ ಅಲಗೋಯೆನ್ಸಿಸ್ ಗೂಬೆ ಇದೆ. ಅದನ್ನು ಕಪ್ಪುತಲೆಯ ಅಟ್ಲಾಂಟಿಕ್ ಗೂಬೆಯ ಲೆಕ್ಕಕ್ಕೆ ಸೇರಿಸಿಬಿಟ್ಟರೆ ದಕ್ಷಿಣದ ಕಾಡುಗಳ ಗೂಬೆಗಳೆಲ್ಲ ಸೇರಿ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಆತಂಕ ಏನೂ ಇಲ್ಲ ಎನಿಸುತ್ತದೆ. ಬೇರೆ ಪ್ರಭೇದ ಎಂದು ಎಣಿಸಿದ ಕ್ಷಣವೇ ಅದು ತೀರಾ ಚಿಕ್ಕ ಜಾಗದಲ್ಲಿ ಚೂರುಚೂರಾದ ಕಾಡಿಗೆ ಜೋತುಬಿದ್ದಿರುವ ಹಕ್ಕಿ. ಅಧ್ಯಯನ ಮಾಡಿದವರೇ ಅದನ್ನು ತೀವ್ರ ಅಪಾಯದಂಚಿನಲ್ಲಿರುವುದೆಂದು ಪರಿಗಣಿಸಬೇಕು ಎಂದಿದ್ದಾರೆ. ಅಪಾಯದ ಕೆಂಪು ಪಟ್ಟಿಯಲ್ಲಿ ಹಕ್ಕಿಗಳನ್ನು ಅಳೆಯುವುದು ಪ್ರಭೇದದ ಲೆಕ್ಕದಲ್ಲಿ. ಉಪಪ್ರಭೇದವಾಗಿ ಉಳಿದ ಹಕ್ಕಿ, ಪಡಿತರ ಚೀಟಿಯಲ್ಲಿ ಹೆಸರಿಲ್ಲದ ಮನೆಯ ಮಗುವಿನಂತೆ. ಹಸಿವು ನಿಜ, ಪಾಲು ಇಲ್ಲ.

ಶಿಂಗುವಿನ ಗೂಬೆಯದು ಬೇರೆ ಬಗೆಯ ಸಂಕಟ. ಅದರ ಕಾಡು ಇನ್ನೂ ವಿಶಾಲವಾಗಿದೆ. ಆದರೆ 2019ರ ಬೆಂಕಿಯಲ್ಲಿ ಅಮೆಜಾನಿನ ಅತಿ ಹೆಚ್ಚು ಸುಟ್ಟ ಸೀಮೆ ಅದರದು. ದಕ್ಷಿಣದಿಂದ ದನದ ಹುಲ್ಲುಗಾವಲು, ಸೋಯಾ ಹೊಲ ಒತ್ತಿಕೊಂಡು ಬರುತ್ತಿವೆ. ಆ ಗೂಬೆಗೆ ಸ್ಟ್ಯಾಂಗಿಯೇ ಎಂಬ ಹೆಸರು ಬಂದದ್ದು ಡೊರೊಥಿ ಸ್ಟ್ಯಾಂಗ್ ಎಂಬ ಕ್ರೈಸ್ತ ಸನ್ಯಾಸಿನಿಯಿಂದ. ಅಮೆರಿಕದ ಓಹಾಯೊದಲ್ಲಿ 1931ರಲ್ಲಿ ಹುಟ್ಟಿದ ಅವರು ದಶಕಗಳ ಕಾಲ ಬ್ರೆಜಿಲಿನಲ್ಲಿದ್ದು, ಪಾರಾ ರಾಜ್ಯದ ಅನಪು ಎಂಬಲ್ಲಿ ಕಾಡು ಕಡಿಯದೆ ಬದುಕುವ ಬಡ ರೈತರ ಜಮೀನಿನ ಹಕ್ಕಿಗಾಗಿ ದುಡಿದರು. 2005ರ ಫೆಬ್ರವರಿ 12ರಂದು ಕಾಡಿನ ದಾರಿಯಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಅವರಿಗೆ ಆಗ 73 ವರ್ಷ. ಕಾಡನ್ನೂ ಕಾಡಿನ ಜನರನ್ನೂ ಬೇರೆ ಬೇರೆಯಾಗಿ ನೋಡದಿದ್ದ ಆ ತಾಯಿಯ ಹೆಸರು ಅದೇ ಸೀಮೆಯ ಇರುಳಿನಲ್ಲಿ ಕೂಗುವ ಹಕ್ಕಿಗೆ ಬಂದದ್ದು ನನಗೆ ತುಂಬ ಸರಿಯೆನಿಸುತ್ತದೆ.

ಇಷ್ಟು ಹೇಳಿದ ಮೇಲೆ ಎದುರು ವಾದವನ್ನೂ ಪ್ರಾಮಾಣಿಕವಾಗಿ ನೋಡಬೇಕು. ಸಂರಕ್ಷಣೆಯ ಹಣ ಬರಲಿ ಎಂದು ಉಪಪ್ರಭೇದಗಳನ್ನೆಲ್ಲ ಪ್ರಭೇದ ಮಾಡುತ್ತಾ ಹೋದರೆ ಪ್ರಭೇದ ಎಂಬ ಪದಕ್ಕೇ ಬೆಲೆ ಇಳಿಯುತ್ತದೆ ಎಂಬ ಎಚ್ಚರಿಕೆಯನ್ನು ವಿಜ್ಞಾನಿಗಳೇ ಕೊಟ್ಟಿದ್ದಾರೆ. ಅದು ನ್ಯಾಯವಾದ ಮಾತು. ಹಕ್ಕಿ ಅಪಾಯದಲ್ಲಿದೆ ಎಂಬುದು ಅದು ಬೇರೆ ಪ್ರಭೇದ ಎಂಬುದಕ್ಕೆ ಸಾಕ್ಷಿಯಾಗಲಾರದು. ಎರಡು ಪ್ರಶ್ನೆಗಳನ್ನು ಬೆರೆಸಿದರೆ ಎರಡಕ್ಕೂ ಕೆಡುಕು. ಜೊತೆಗೆ, ಇಡೀ ಖಂಡದ ಗೂಬೆಗಳಿಗೆ 83 ಧ್ವನಿಮುದ್ರಣ, 49 ವಂಶವಾಹಿ ಮಾದರಿ ಎಂದರೆ ಆರಕ್ಕೆ ಹಂಚಿದಾಗ ಒಂದೊಂದರ ಪಾಲಿಗೆ ಬರುವುದು ಬೆರಳೆಣಿಕೆ. ಎರಡು ಮಾದರಿಗಳ ನಡುವೆ ನೂರಾರು ಕಿಲೋಮೀಟರ್ ಖಾಲಿ ಬಿಟ್ಟರೆ, ಮೆಲ್ಲಮೆಲ್ಲನೆ ಬದಲಾಗುವ ಕೂಗು ಥಟ್ಟನೆ ಬದಲಾದಂತೆ ತೋರಬಹುದು. ಇದನ್ನು ಹೇಳುವುದು ಆ ಸಂಶೋಧಕರ ಶ್ರಮವನ್ನು ಕಡಿಮೆ ಮಾಡುವುದಕ್ಕಲ್ಲ. ಅಂಥ ಕಾಡುಗಳಲ್ಲಿ ಒಂದು ಗೂಬೆಯ ಒಳ್ಳೆಯ ಧ್ವನಿಮುದ್ರಣಕ್ಕೆ ಎಷ್ಟು ರಾತ್ರಿಗಳು ಬೇಕು ಎಂಬುದು ಒಮ್ಮೆ ಪ್ರಯತ್ನಿಸಿದವರಿಗೆ ಗೊತ್ತು.

ಆದರೂ ನನ್ನ ಒಲವು ಆರರ ಕಡೆಗೇ. ಗರಿ ತಾನೊಬ್ಬನೇ ಹೇಳಿದ್ದರೆ ನಂಬುತ್ತಿರಲಿಲ್ಲ, ಡಿಎನ್‌ಎ ತಾನೊಂದೇ ಹೇಳಿದ್ದರೂ ಕಾಯೋಣ ಎನ್ನುತ್ತಿದ್ದೆ. ಇಲ್ಲಿ ಹುಟ್ಟಿನಿಂದ ಬಂದ ಕೂಗು ಮತ್ತು ವಂಶವಾಹಿ, ಒಂದನ್ನೊಂದು ಕೇಳಿಕೊಳ್ಳದ ಎರಡು ಸಾಕ್ಷಿಗಳು, ನಕ್ಷೆಯ ಮೇಲೆ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಿವೆ. ನಮ್ಮ ಪಶ್ಚಿಮ ಘಟ್ಟದಲ್ಲೂ ಹೀಗೆಯೇ ಆಗಿದೆ. ಶೋಲಾ ಕಾಡುಗಳ ನೀಲಿ ರಾಬಿನ್‌ಗಳನ್ನೂ ನಗುಮಲ್ಲಿ ಹಕ್ಕಿಗಳನ್ನೂ ಬಹುಕಾಲ ಹಿಮಾಲಯದ ಹಕ್ಕಿಗಳ ಕುಲಗಳಿಗೆ ಸೇರಿಸಿದ್ದರು. ವಿ. ವಿ. ರಾಬಿನ್ ಮತ್ತು ಸಂಗಡಿಗರು 2017ರಲ್ಲಿ ಅವು ಇಲ್ಲಿಯದೇ ಆದ ಎರಡು ಹೊಸ ಕುಲಗಳು ಎಂದು ತೋರಿಸಿ ಶೋಲಿಕೋಲಾ, ಮೊಂಟೆಸಿಂಕ್ಲಾ ಎಂದು ಹೆಸರಿಟ್ಟರು. ಅಲ್ಲಿ ನದಿ ಮಾಡಿದ ಕೆಲಸವನ್ನು ಇಲ್ಲಿ ಪಾಲಕ್ಕಾಡಿನ ಕಂದರದಂಥ ತಗ್ಗುಗಳು ಮಾಡಿವೆ. ಕೊಡಗಿನ ಎತ್ತರದ ಶೋಲಾದಲ್ಲಿ ಕೇಳುವ ದನಿ ಕಂದರದಾಚೆಯ ಹಕ್ಕಿಯದಲ್ಲ ಎಂಬುದು ಈಗ ನಮಗೆ ತಿಳಿದಿದೆ, ಆ ಶೋಲಾಕ್ಕೆ ತೂಕವೂ ಹೆಚ್ಚಿದೆ.

ಅಮೆಜಾನಿನ ಗೂಬೆಗಳ ಲೆಕ್ಕ ಗಟ್ಟಿಯಾಗಬೇಕಾದರೆ ಮುಂದಿನ ಧ್ವನಿಮುದ್ರಣಗಳು ಎಲ್ಲಿಂದ ಬರಬೇಕು ಎಂಬುದೂ ಸ್ಪಷ್ಟ. ತಪಜೋಸ್ ಮತ್ತು ಶಿಂಗು ನದಿಗಳು ಹಳ್ಳಗಳಾಗಿ ಹುಟ್ಟುವ ಮಾತೊ ಗ್ರೊಸೊ ರಾಜ್ಯದ ಕಾಡುಗಳಿಂದ. ಎರಡು ದಡದ ಕೂಗುಗಳು ಅಲ್ಲಿ ಎದುರುಬದುರಾದಾಗ ಬೆರೆಯುತ್ತವೆಯೋ, ಬೇರೆಯಾಗಿಯೇ ಉಳಿಯುತ್ತವೆಯೋ ಎಂದು ಒಂದೇ ಹಳ್ಳದ ಬದಿಯಲ್ಲಿ ಕೂತು ಕೇಳಬಹುದು. ಅರಣ್ಯನಾಶದ ಕಮಾನು ಎಂದು ಕರೆಯುವ ಪಟ್ಟಿ ಹಾದುಹೋಗುವುದೂ ಅದೇ ಕಾಡುಗಳ ಮೇಲೆ. ಮಣ್ಣಿನ ರಸ್ತೆಗಳು ವಾಹನ ಓಡುವಷ್ಟು ಒಣಗಿ, ರೆಕಾರ್ಡರ್ ಹಿಡಿದು ಒಳಗೆ ಹೋಗಲು ಸಾಧ್ಯವಾಗುವುದು ವರ್ಷದ ನಡುವಿನ ಕೆಲವು ತಿಂಗಳು ಮಾತ್ರ. ಕಡಿದು ಒಣಗಿಸಿದ ಕಾಡಿಗೆ ಬೆಂಕಿ ಇಡುವುದೂ ಅವೇ ತಿಂಗಳುಗಳಲ್ಲಿ.